ಪ್ರಸಾರಾಂಗಕ್ಕೆ ಹಸ್ತಪ್ರತಿ ಒಪ್ಪಿಸುವುದು

ನಮ್ಮ ಕಾಲೇಜಿನಲ್ಲಿ ಬರೆಯುವವರಿಗೇನೂ ಬರಗಾಲವಿಲ್ಲ. ಅಧ್ಯಾಪಕರ ಕೊಠಡಿಯ ಬೀರುಗಳನ್ನು ತೆರೆದು ನೋಡಿದರೆ, ರಟ್ಟು ಕಟ್ಟಿಸಿ ಚಿನ್ನದ ಬಣ್ಣದ ಅಕ್ಷರ ಒತ್ತಿಸಿದ ಸಂಶೋಧನ ಪ್ರಬಂಧಗಳು ಸಾಲಾಗಿ ಕುಳಿತಿವೆ. ಪದವಿ ಬಂದ ದಿನವೇ ಅವುಗಳ ಆಯುಸ್ಸು ಮುಗಿಯಿತೆಂಬಂತೆ ಮತ್ತೆ ಯಾರೂ ಅವನ್ನು ಮುಟ್ಟಿದಂತಿಲ್ಲ. ಇವುಗಳಲ್ಲಿ ಕೆಲವಾದರೂ ಪುಸ್ತಕವಾಗತಕ್ಕವು. ದಾರಿ ತಿಳಿಯದೆ ಕೆಲವರು ಕೈಯಿಂದ ಹಣ ಸುರಿದು ಅಚ್ಚು ಹಾಕಿಸುತ್ತಾರೆ; ಉಳಿದವರು ಸುಮ್ಮನಾಗುತ್ತಾರೆ. ವಿಶ್ವವಿದ್ಯಾನಿಲಯದ ಪ್ರಸಾರಾಂಗವೆಂಬ ಮೂರನೆಯ ದಾರಿಯೊಂದುಂಟು. ಅದರಲ್ಲಿ ನಾನು ಒಮ್ಮೆ ಎಡವಿ ಬಿದ್ದು ನಡೆಯಲು ಕಲಿತೆನಾದುದರಿಂದ, ಕಂಡದ್ದನ್ನು ಮಿತ್ರರ ಮುಂದೆ ಇಡುತ್ತಿದ್ದೇನೆ.

ಪ್ರಸಾರಾಂಗವೆಂದರೆ ಬರಿಯ ಅಚ್ಚಿನ ಮನೆಯಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಪ್ರಾಧ್ಯಾಪಕರನ್ನು ಊರೂರಿಗೆ ಕಳುಹಿಸಿ ಉಪನ್ಯಾಸ ಮಾಡಿಸಿ, ಅವನ್ನು ಅಗ್ಗದ ಬೆಲೆಯ ಪುಟ್ಟ ಪುಸ್ತಕಗಳನ್ನಾಗಿ ಹೊರತಂದಿತು. ಕಾಲೇಜಿನ ಮೆಟ್ಟಿಲು ಹತ್ತದವನಿಗೂ ವಿದ್ಯೆ ಮುಟ್ಟಲಿ ಎಂಬುದೇ ಅದರ ಉದ್ದೇಶ. ಇಂಗ್ಲಿಷ್-ಕನ್ನಡ ನಿಘಂಟು, 1969ರಿಂದ ಸಂಪುಟ ಸಂಪುಟವಾಗಿ ಬಂದ ಕನ್ನಡ ವಿಶ್ವಕೋಶ ಮೊದಲಾದ ಭಾರಿ ಕೆಲಸಗಳನ್ನೂ ಅದೇ ವಿಶ್ವವಿದ್ಯಾನಿಲಯ ಹೊತ್ತಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ತಮ್ಮ ತಮ್ಮ ಪ್ರಸಾರಾಂಗಗಳಿವೆ. ಒಂದೊಂದಕ್ಕೂ ಒಂದೊಂದು ಒಲವು. ಆದುದರಿಂದ ಮೊದಲ ಕೆಲಸ ಪುಸ್ತಕಪಟ್ಟಿಯನ್ನು ತರಿಸಿ ಓದುವುದು. ನಮ್ಮ ವಿಷಯದ ಪುಸ್ತಕಗಳನ್ನು ಹಿಂದೆ ಪ್ರಕಟಿಸಿರುವ ಸಂಸ್ಥೆಗೆ ನಮ್ಮ ಹಸ್ತಪ್ರತಿಯನ್ನು ಯಾರಿಂದ ಪರೀಕ್ಷೆ ಮಾಡಿಸಬೇಕೆಂಬುದೂ ತಿಳಿದಿರುತ್ತದೆ.

ನನ್ನದು ನಮ್ಮ ತಾಲ್ಲೂಕಿನ ಕೆರೆಗಳ ಇತಿಹಾಸ. ಪದವಿಗಾಗಿ ಬರೆದ ಪ್ರಬಂಧವನ್ನು ಒಂದಕ್ಷರವೂ ಬದಲಿಸದೆ ಒಂದು ಪ್ರಸಾರಾಂಗಕ್ಕೆ ಕಳುಹಿಸಿಬಿಟ್ಟೆ. ಅದು ಯಾವುದೆಂದು ಇಲ್ಲಿ ಹೇಳುವ ಅವಶ್ಯಕತೆಯಿಲ್ಲ. ಹದಿನಾಲ್ಕು ತಿಂಗಳ ಮೇಲೆ ಅದು ಪರಿಶೀಲಕರ ನಾಲ್ಕು ಪುಟದ ಟಿಪ್ಪಣಿಯೊಡನೆ ಹಿಂತಿರುಗಿತು. ಮೊದಲ ಓದಿಗೆ ನನಗೆ ಸಿಟ್ಟು ಬಂದಿತು. ಮೂರನೆಯ ಓದಿಗೆ ನಾಚಿಕೆಯಾಯಿತು.

ಪರಿಶೀಲಕರ ಮೊದಲ ಆಕ್ಷೇಪವೇ ಎಲ್ಲಕ್ಕಿಂತ ಮುಖ್ಯವಾದುದು: ಇದು ಪರೀಕ್ಷಕರಿಗೆ ಬರೆದದ್ದು, ಓದುಗರಿಗೆ ಬರೆದದ್ದಲ್ಲ. ಯೋಚಿಸಿ ನೋಡಿದರೆ ಮಾತು ನಿಜ. ಪ್ರಬಂಧ ಬರೆಯುವವನು ತಾನು ಎಲ್ಲವನ್ನೂ ಓದಿದ್ದೇನೆಂದು ಸಾಬೀತು ಮಾಡಬೇಕು. ಆದುದರಿಂದ ಮೊದಲ ಅಧ್ಯಾಯ ಪೂರ್ತಿ ಹಿಂದಿನವರು ಏನು ಹೇಳಿದರು ಎಂಬುದರ ಸಮೀಕ್ಷೆ, ಎರಡನೆಯದು ಅಧ್ಯಯನದ ವಿಧಾನ. ನನ್ನ ಪ್ರಬಂಧದಲ್ಲಿ ಓದುಗನು ಮೊದಲ ಕೆರೆಯ ಏರಿಯ ಮೇಲೆ ಕಾಲಿಡಬೇಕಾದರೆ 71 ಪುಟ ನಡೆಯಬೇಕಾಗಿದ್ದಿತು! ಪುಸ್ತಕದ ಓದುಗನಿಗೆ ಲೇಖಕನು ಓದಿದವನೆಂಬ ನಂಬಿಕೆ ಮೊದಲೇ ಇರುತ್ತದೆ. ಅವನಿಗೆ ಬೇಕಾದುದು ತೂಬು ಯಾರು ಎತ್ತುತ್ತಿದ್ದರು, ಕೋಡಿ ಬಿದ್ದಾಗ ಯಾರ ಗದ್ದೆ ಮುಳುಗುತ್ತಿತ್ತು, ಹೂಳು ತೆಗೆಯುವ ಕೂಲಿ ಎಲ್ಲಿಂದ ಬರುತ್ತಿತ್ತು ಎಂಬುದು. ಆ ಎರಡು ಅಧ್ಯಾಯಗಳನ್ನು ಕಿತ್ತು ಆರು ಪುಟದ ಪೀಠಿಕೆ ಮಾಡಿದೆ. ಪ್ರತಿ ಅಧ್ಯಾಯದ ತುದಿಯಲ್ಲಿ ‘ಈ ಅಧ್ಯಾಯದಲ್ಲಿ ಕಂಡುಕೊಂಡ ಅಂಶಗಳು’ ಎಂದು ಹೇಳಿದ್ದನ್ನೇ ಹೇಳಿದ್ದೆನಲ್ಲ, ಅವೆಲ್ಲ ಹೋದುವು. ಪುಸ್ತಕಕ್ಕೆ ಅದರಿಂದ ನಷ್ಟವೇನೂ ಆಗಲಿಲ್ಲ.

ಎರಡನೆಯ ಆಕ್ಷೇಪ ವಿಷಯದ್ದು. ಶಾಸನಗಳಲ್ಲಿ ಬರುವ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಎಂಬ ಎರಡು ಮಾತುಗಳನ್ನು ನಾನು ಒಂದೇ ಎಂದು ತಿಳಿದು ಬರೆದಿದ್ದೆ. ಕೆರೆ ಕಟ್ಟಿಸಿದವನಿಗೆ ಬಿಟ್ಟುಕೊಡುವ ಭೂಮಿ ಒಂದು, ಕಟ್ಟಿದ ಕೆರೆಯ ನಿರ್ವಹಣೆಗೆ ಸಂಬಂಧಿಸಿದ ದತ್ತಿ ಇನ್ನೊಂದು. ಒಂದಕ್ಕೊಂದು ಬೆರೆಸಿದರೆ ಕೆರೆಯ ಅರ್ಥವ್ಯವಸ್ಥೆಯೇ ತಲೆಕೆಳಗಾಗುತ್ತದೆ. ಅಲ್ಲದೆ, ರೈಸ್ ಅವರ ಹಳೆಯ ಸಂಪುಟಗಳ ಪಾಠವನ್ನೇ ಕೊಟ್ಟಿದ್ದೆ. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವೇ ಹೊರತಂದಿದ್ದರೂ ನಾನು ಅವನ್ನು ತೆರೆದಿರಲಿಲ್ಲ. ನನ್ನ ಪರೀಕ್ಷಕರಾರೂ ಹಿಡಿಯದ ತಪ್ಪನ್ನು ಹೆಸರೂ ಗೊತ್ತಿಲ್ಲದ ಒಬ್ಬರು ಹಿಡಿದರು. ಪರಿಶೀಲನೆಯೆಂದರೆ ಬಾಗಿಲಲ್ಲಿ ನಿಂತ ಕಾವಲುಗಾರನೆಂದು ದೂರುವವರು ನಮ್ಮಲ್ಲುಂಟು. ಆ ಟಿಪ್ಪಣಿಯಿಲ್ಲದೆ ಪುಸ್ತಕ ಹೊರಬಂದಿದ್ದರೆ ನಗೆಪಾಟಲಾಗುತ್ತಿದ್ದವನು ನಾನೇ.

ಇನ್ನು ಹಸ್ತಪ್ರತಿಯ ರೂಪ. ಹಿಂದೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ಕಳುಹಿಸಿದರೆ ಸಾಕಾಗಿತ್ತು. ಮೊಳೆ ಜೋಡಿಸುವವನು ಉಳಿದುದನ್ನು ನೋಡಿಕೊಳ್ಳುತ್ತಿದ್ದ. ಈಗ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿದ ಪ್ರತಿ ಬೇಕು, ಅದರ ತೊಂದರೆ ಬೇರೆ. ನಾನು ಹಳೆಯ ನುಡಿ ಅಕ್ಷರದಲ್ಲಿ ಮಾಡಿಸಿದ್ದನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತು ಕೆಲವೆಡೆ ಪಕ್ಕದ ಅಕ್ಷರದ ಹೆಗಲೇರಿತು, ನಡುವೆ ಇದ್ದ ಇಂಗ್ಲಿಷ್ ಮಾತುಗಳು ಅರ್ಥವಿಲ್ಲದ ಕನ್ನಡವಾದುವು. ಶಾಸನದ ಪಾಠದಲ್ಲಿದ್ದ ೞಕಾರವೆಲ್ಲ ಳಕಾರವಾಗಿ ಕುಳಿತಿತ್ತು. ಇದು ಕಣ್ಣಿಗೆ ತಪ್ಪೆಂದು ಕಾಣುವುದೇ ಇಲ್ಲವಾದುದರಿಂದ ಹೆಚ್ಚು ಅಪಾಯದ್ದು. ಪರಿವರ್ತನೆಯಾದ ಮೇಲೆ ಮೂಲವನ್ನು ಮಗ್ಗುಲಲ್ಲಿಟ್ಟುಕೊಂಡು ಸಾಲು ಸಾಲು ಓದಬೇಕು, ಬೇರೆ ಉಪಾಯವಿಲ್ಲ. ಪುಟದ ಲೆಕ್ಕವನ್ನೂ ತಿಳಿದಿರುವುದು ಲೇಸು. ಡೆಮಿ ಅಷ್ಟಪತ್ರದಲ್ಲಿ ಹದಿನಾರು ಪುಟಕ್ಕೆ ಒಂದು ಫಾರಂ. 160 ಪುಟಕ್ಕೆ ಸರಿಯಾಗಿ ಹತ್ತು ಫಾರಂ. ಅದರ ಮೇಲೆ ಮೂರು ಪುಟ ಉಳಿಯಿತೆಂದರೆ ಆ ಮೂರಕ್ಕಾಗಿ ಕಾಗದ ದಂಡ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಮೂಲವನ್ನು ಎಂದೂ ಕಳುಹಿಸಬಾರದು. ಹಳೆಯ ಕೆರೆಯೊಂದರ ತೂಬಿನ ಬಳಿ ಅಕ್ಷರ ಸವೆದ ಕಲ್ಲೊಂದಿತ್ತು. ಅದರ ಮೂರು ಛಾಯಾಚಿತ್ರಗಳ ಒಂದೇ ಪ್ರತಿ ನನ್ನಲ್ಲಿದ್ದುದು. ಹಸ್ತಪ್ರತಿಯೊಡನೆ ಅವನ್ನೇ ಲಗತ್ತಿಸಿದೆ. ಹಸ್ತಪ್ರತಿ ಬಂದಿತು, ಚಿತ್ರಗಳು ಬರಲಿಲ್ಲ. ಕಚೇರಿ ಕಟ್ಟಡ ಬದಲಾಯಿಸಿದಾಗ ಎಲ್ಲೋ ಸೇರಿಹೋಗಿವೆ ಎಂದರು. ಮತ್ತೆ ತೆಗೆಯೋಣವೆಂದು ಕೆರೆಗೆ ಹೋದರೆ ಏರಿಯ ದುರಸ್ತಿ ನಡೆದು ಕಲ್ಲು ಮಣ್ಣಿನಡಿ ಸೇರಿದೆ. ಪುಸ್ತಕದಲ್ಲಿ ಆ ಶಾಸನಕ್ಕೆ ಈಗ ನಾನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಅರೆಬರೆ ಪಾಠವೊಂದೇ ಆಧಾರ.

ಹಸ್ತಪ್ರತಿ ಅಂಗೀಕೃತವಾದ ಮೇಲೆ ಒಪ್ಪಂದ ಪತ್ರ ಬರುತ್ತದೆ. ಸಂತೋಷದಲ್ಲಿ ಓದದೆ ರುಜು ಹಾಕುವುದು ನಮ್ಮ ಪದ್ಧತಿ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲೇ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆಂದೂ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತದೊಳಗೆ ಎಂದೂ ಅರ್ಥ. ವರ್ಗಾಯಿಸಿಕೊಂಡವರು ಒಂದು ವರ್ಷದೊಳಗೆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ಅವಧಿ ಹೇಳಿರದ ಪಕ್ಷದಲ್ಲಿ, ಅದು ಕಳೆದುಹೋಗುತ್ತದೆ. ಹಸ್ತಪ್ರತಿ ವರ್ಷಗಟ್ಟಲೆ ಬೀರುವಿನಲ್ಲಿ ಮಲಗುವ ನಮ್ಮ ನಾಡಿನಲ್ಲಿ ಈ ಕೊನೆಯ ಮಾತನ್ನು ನೆನಪಿಡತಕ್ಕದ್ದು. ಬೇರೆಯವರ ನಕ್ಷೆ, ಚಿತ್ರ, ಉದ್ದುದ್ದನೆಯ ಉದ್ಧೃತಗಳಿದ್ದರೆ ಅನುಮತಿ ಪಡೆಯುವ ಹೊಣೆ ಸಾಮಾನ್ಯವಾಗಿ ಲೇಖಕನದೇ. ಐಎಸ್‌ಬಿಎನ್ ಸಂಖ್ಯೆಯನ್ನು ಪ್ರಕಾಶಕರು ನೋಡಿಕೊಳ್ಳುತ್ತಾರೆ. ಬಡ್ತಿಯ ಅರ್ಜಿಯಲ್ಲಿ ಆ ಹದಿಮೂರು ಅಂಕಿಗಳನ್ನು ತುಂಬುವುದಕ್ಕಾಗಿಯೇ ಪುಸ್ತಕ ಬರೆಯುವ ಮಿತ್ರರಿಗೆ ಈ ಲೇಖನದಿಂದ ಪ್ರಯೋಜನ ಕಡಮೆ.

ತಿದ್ದಿದ ಹಸ್ತಪ್ರತಿ ಎರಡನೆಯ ಸಲ ಒಪ್ಪಿತವಾಗಿ ಈಗ ಕರಡಚ್ಚು ಬಂದಿದೆ. ಕರಡಚ್ಚಿನಲ್ಲಿ ಹೊಸದಾಗಿ ಬರೆಯಲು ಕೂಡದು, ತಪ್ಪನ್ನಷ್ಟೆ ತಿದ್ದಬೇಕು. ಒಂದು ವಾಕ್ಯ ಸೇರಿಸಿದರೂ ಪುಟಗಳು ಸರಿದು ಶಬ್ದಸೂಚಿಯ ಅಂಕಿಗಳೆಲ್ಲ ಸುಳ್ಳಾಗುತ್ತವೆ. ನಾನೇನೋ ಈ ನಿಯಮವನ್ನು ಪಾಲಿಸಿದೆ, ಅರಿಕೆಯ ಪುಟವೊಂದನ್ನು ಬಿಟ್ಟು. ಮೂವತ್ತು ವರ್ಷ ಊರ ಕೆರೆಯ ತೂಬು ಎತ್ತಿದ್ದ ಹಿರಿಯ ನೀರುಗಂಟಿಯೊಬ್ಬರು ಕೋಡಿ, ಕಾಲುವೆ, ಸರದಿಗಳ ಲೆಕ್ಕವನ್ನೆಲ್ಲ ನನಗೆ ಹೇಳಿಕೊಟ್ಟಿದ್ದರು. ‘ಅಚ್ಚಾದ ಮೇಲೆ ಒಂದು ತಂದು ತೋರ್ಸಿ ಸ್ವಾಮಿ, ಮೊಮ್ಮಗನ ಕೈಲಿ ಓದಿಸ್ಕೊತೀನಿ’ ಎಂದಿದ್ದರು. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಹೆಸರಿನ ಹಿಂದೆ ‘ದಿವಂಗತ’ ಎಂದು ಸೇರಿಸಿ ಕರಡಚ್ಚನ್ನು ನಿನ್ನೆ ಅಂಚೆಗೆ ಹಾಕಿದ್ದೇನೆ. ಈ ಸಲ ಅದರ ನಕಲೊಂದನ್ನು ಇಟ್ಟುಕೊಂಡಿದ್ದೇನೆ.