ಕ್ಯಾರಂಟೂಹಿಲ್ ಶಿಖರ

ಐರ್ಲೆಂಡ್ ದ್ವೀಪದ ನೈರುತ್ಯ ಮೂಲೆಯಲ್ಲಿ ಕೆರಿ ಎಂಬ ಕೌಂಟಿಯಿದೆ. ಅಲ್ಲಿ ಭೂಮಿಯು ಅಟ್ಲಾಂಟಿಕ್ ಸಾಗರದೊಳಕ್ಕೆ ಬೆರಳುಗಳಂತೆ ಚಾಚಿಕೊಂಡಿದೆ. ಹೀಗೆ ಚಾಚಿದ ಐವೆರಾ ಪರ್ಯಾಯದ್ವೀಪದ ಮೇಲೆ ಮೆಗಿಲಿಕಡೀಸ್ ರೀಕ್ಸ್ ಎಂಬ ಪರ್ವತಶ್ರೇಣಿಯು ಹಬ್ಬಿದೆ. ಐರಿಷ್ ಭಾಷೆಯಲ್ಲಿ ಈ ಶ್ರೇಣಿಯ ಹೆಸರಿಗೆ 'ಕರಿಯ ಬಣವೆಗಳು' ಎಂದರ್ಥ. ಮೋಡ ಕವಿದ ದಿನ ದೂರದಿಂದ ನೋಡಿದವರಿಗೆ ಈ ಹೆಸರು ಎಷ್ಟು ಒಪ್ಪುವುದೆಂದು ವಿವರಿಸಬೇಕಾಗಿಲ್ಲ. ಐರ್ಲೆಂಡಿನಲ್ಲಿ ಸಾವಿರ ಮೀಟರ್ ಎತ್ತರವನ್ನು ಮುಟ್ಟುವ ಶಿಖರಗಳು ಮೂರೇ: ಕ್ಯಾರಂಟೂಹಿಲ್, ಬೀನ್‌ಕೆರಾ, ಕಾಹರ್. ಮೂರೂ ಈ ಶ್ರೇಣಿಯಲ್ಲಿ ಅಕ್ಕಪಕ್ಕದಲ್ಲಿವೆ. ಇವುಗಳಲ್ಲಿ ಕ್ಯಾರಂಟೂಹಿಲ್ ಅತ್ಯುನ್ನತವಾದುದು. ಅದರ ಎತ್ತರ 1,038 ಮೀಟರ್‌ಗಿಂತ ತುಸು ಹೆಚ್ಚು.

ಹಿಮಾಲಯದ ಆರೋಹಣದ ಕಥೆಗಳನ್ನು ಓದಿದವರಿಗೆ ಈ ಅಂಕಿಯನ್ನು ಕಂಡು ನಗು ಬಂದೀತು. ಆದರೆ ಪರ್ವತದ ಕಾಠಿಣ್ಯವನ್ನು ಎತ್ತರವೊಂದರಿಂದಲೇ ಅಳೆಯಲಾಗದು. ಇಲ್ಲಿ ಹತ್ತುವ ದಾರಿಯು ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಎತ್ತರದಲ್ಲಿಯೇ ಆರಂಭವಾಗುತ್ತದೆ. ಹೀಗಾಗಿ ಹೆಚ್ಚುಕಡಿಮೆ ಇಡೀ ಬೆಟ್ಟವನ್ನೇ ಕಾಲ್ನಡಿಗೆಯಲ್ಲಿ ಏರಬೇಕಾಗುತ್ತದೆ.

ಈ ಪರ್ವತದ ಶಿಲೆ ಬಹು ಪ್ರಾಚೀನವಾದುದು. ಸುಮಾರು 37 ಕೋಟಿ ವರ್ಷಗಳ ಹಿಂದೆ ನದಿಗಳು ತಂದು ಸುರಿದ ಮರಳು ಗಟ್ಟಿಯಾಗಿ ಮರಳುಗಲ್ಲಾಯಿತು. ಅನಂತರ ಭೂಚಲನೆಯಿಂದ ಅದು ಮಡಿಕೆ ಮಡಿಕೆಯಾಗಿ ಮೇಲೆದ್ದಿತು. ಆದರೆ ಇಂದು ನಾವು ಕಾಣುವ ರೂಪವನ್ನು ಕೊಟ್ಟದ್ದು ಹಿಮ. ಹಿಮಯುಗದಲ್ಲಿ ಹಿಮನದಿಗಳು ಬೆಟ್ಟದ ಪಕ್ಕೆಗಳನ್ನು ಬಟ್ಟಲಿನಂತೆ ಕೊರೆದವು. ಎರಡು ಬಟ್ಟಲುಗಳ ನಡುವೆ ಉಳಿದ ಗೋಡೆಯು ಕತ್ತಿಯ ಅಲಗಿನಂತಹ ಏಣಾಯಿತು. ಹಿಮ ಕರಗಿದ ಮೇಲೆ ಬಟ್ಟಲುಗಳಲ್ಲಿ ನೀರು ನಿಂತು ಸರೋವರಗಳಾದವು. ಕ್ಯಾರಂಟೂಹಿಲ್ ಎಂಬ ಹೆಸರಿನಲ್ಲಿಯೇ 'ಕುಡುಗೋಲು' ಎಂಬರ್ಥದ ಪದ ಅಡಗಿದೆ ಎಂದು ಹಲವರು ಹೇಳುತ್ತಾರೆ. ಹಲ್ಲುಹಲ್ಲಾದ ಬಾಗಿದ ಏಣನ್ನು ನೋಡಿದರೆ ಆ ಮಾತು ಸರಿಯೆನಿಸುತ್ತದೆ.

ಹೆಚ್ಚು ಜನ ಹಿಡಿಯುವ ದಾರಿಯು ಉತ್ತರದ ಕಡೆಯ ಒಂದು ರೈತನ ಅಂಗಳದಿಂದ ಹೊರಡುತ್ತದೆ. ಈ ಬೆಟ್ಟವು ಖಾಸಗಿ ಒಡೆತನದ ಭೂಮಿ. ಅಲ್ಲಿ ಕುರಿಗಳು ಮೇಯುತ್ತವೆ. ಒಡೆಯರ ಸೌಜನ್ಯದಿಂದಲೇ ಜನ ನಡೆದಾಡುತ್ತಾರೆ. ದಾರಿಯು 'ಮುದುಕಿಯ ಕಣಿವೆ'ಯನ್ನು ಹೊಕ್ಕು, ಗೂರಾ ಮತ್ತು ಕ್ಯಾಲೀ ಎಂಬ ಎರಡು ಸರೋವರಗಳ ನಡುವೆ ಸಾಗುತ್ತದೆ. ಅಲ್ಲಿಯವರೆಗೆ ನಡಿಗೆ ಸುಗಮ. ಮುಂದೆ ಎದುರಾಗುವುದು 'ಸೈತಾನನ ಏಣಿ' ಎಂಬ ಕಡಿದಾದ ಕೊರಕಲು. ಅಸಂಖ್ಯ ಪಾದಗಳ ತುಳಿತಕ್ಕೂ ಮಳೆಗೂ ಸಿಕ್ಕಿ ಅಲ್ಲಿನ ಮಣ್ಣು ಕೊಚ್ಚಿಹೋಗಿ ಕಲ್ಲುಗಳು ಸಡಿಲಗೊಂಡಿವೆ. ಮೇಲಿನವನು ಎಡವಿದರೆ ಉರುಳಿದ ಕಲ್ಲು ಕೆಳಗಿನವನಿಗೆ ಬಡಿಯುತ್ತದೆ. ಆದುದರಿಂದ ಅನುಭವಿಗಳು ಇಳಿಯುವಾಗ ಪಕ್ಕದ ಬೆಟ್ಟದ ಅಂಕುಡೊಂಕು ಹಾದಿಯನ್ನು ಆರಿಸಿಕೊಳ್ಳುತ್ತಾರೆ. ಏಣಿಯ ತುದಿಯಿಂದ ಇನ್ನೂ ಸುಮಾರು 300 ಮೀಟರ್ ಏರಿದರೆ ಶಿಖರ. ಅಲ್ಲಿ ಐದು ಮೀಟರ್ ಎತ್ತರದ ಉಕ್ಕಿನ ಶಿಲುಬೆಯಿದೆ. 1976ರಲ್ಲಿ ನೆಟ್ಟ ಅದನ್ನು 2014ರಲ್ಲಿ ಯಾರೋ ಕತ್ತರಿಸಿ ಉರುಳಿಸಿದರು. ಕೆಲವೇ ದಿನಗಳಲ್ಲಿ ಸ್ಥಳೀಯರು ಮತ್ತೆ ನಿಲ್ಲಿಸಿದರು.

ನಿಜವಾದ ಪರೀಕ್ಷೆ ಹವೆಯದು. ಸಾಗರದಿಂದ ಬೀಸುವ ತೇವಭರಿತ ಗಾಳಿಯು ಈ ಶ್ರೇಣಿಗೆ ತಾಗಿ ಮೇಲೇರಿ, ತಣಿದು, ಮಂಜಾಗಿ ಮಳೆಯಾಗಿ ಸುರಿಯುತ್ತದೆ. ತಪ್ಪಲಿನಲ್ಲಿ ಹಿತವಾದ ಬಿಸಿಲಿರುವಾಗಲೂ ನೆತ್ತಿಯ ಮೇಲೆ ಆರು ಡಿಗ್ರಿಯಷ್ಟು ಹೆಚ್ಚು ಚಳಿ ಇರಬಹುದು. ಮಂಜು ಕವಿಯಿತೆಂದರೆ ಶಿಲುಬೆಯಿಂದ ಇಪ್ಪತ್ತು ಹೆಜ್ಜೆ ದೂರ ಹೋದವನಿಗೆ ಬಂದ ದಾರಿಯೇ ಕಾಣದು. ಆಗ್ನೇಯಕ್ಕೆ ಇಳಿಯಬೇಕಾದವನು ಈಶಾನ್ಯಕ್ಕೆ ತಿರುಗಿದರೆ ಕೆಳಗಿರುವುದು ಹಿಮನದಿ ಕೊರೆದ ಕಡಿಬಂಡೆ. ನಕಾಶೆಯೂ ದಿಕ್ಸೂಚಿಯೂ ಇಲ್ಲಿ ಅಲಂಕಾರದ ವಸ್ತುಗಳಲ್ಲ.

ದಾರಿ ತಪ್ಪಿದವರನ್ನೂ ಗಾಯಗೊಂಡವರನ್ನೂ ಹುಡುಕಿ ತರಲು 1966ರಲ್ಲಿ ಕೆರಿ ಪರ್ವತ ರಕ್ಷಣಾ ತಂಡವು ಸ್ಥಾಪಿತವಾಯಿತು. ಅದರ ಸದಸ್ಯರು ಸಂಬಳ ಪಡೆಯುವವರಲ್ಲ. ತಮ್ಮ ತಮ್ಮ ಉದ್ಯೋಗಗಳಲ್ಲಿರುವ ಸ್ವಯಂಸೇವಕರು. ಕರೆ ಬಂದೊಡನೆ ಹಗಲಿರಲಿ, ಇರುಳಿರಲಿ, ಡೋಲಿಯನ್ನೂ ಹಗ್ಗಗಳನ್ನೂ ಹೊತ್ತು ಅದೇ ಮಂಜಿನೊಳಗೆ ಬೆಟ್ಟವನ್ನು ಏರುತ್ತಾರೆ.