ಕಡಲ ಬದಿಯ ಏರುದಾರಿ

ಕಾರವಾರದಿಂದ ಭಟ್ಕಳದವರೆಗೆ ಸೈಕಲ್ಲಿನ ಮೇಲೆ ಸಂಚರಿಸಬೇಕೆಂಬ ಅಭಿಲಾಷೆಯುಳ್ಳವರು, ನಕಾಶೆಯಲ್ಲಿ ಕಡಲಂಚಿಗೆ ಅಂಟಿಕೊಂಡು ಸಾಗುವ ರೇಖೆಯನ್ನು ಕಂಡು ಮಾರ್ಗವೆಲ್ಲ ಸಮತಲವೆಂದು ಭ್ರಮಿಸಬಾರದು. ಸಹ್ಯಾದ್ರಿಯ ಚಾಚುಗಳು ಇಲ್ಲಿ ಸಮುದ್ರದವರೆಗೂ ಇಳಿದು ಬಂದಿರುವುದರಿಂದ, ಒಂದು ನದೀಮುಖದಿಂದ ಮತ್ತೊಂದಕ್ಕೆ ಹೋಗುವಷ್ಟರಲ್ಲಿ ಜಂಬಿಟ್ಟಿಗೆಯ ದಿಣ್ಣೆಗಳನ್ನು ಏರಿಳಿಯಬೇಕಾಗುವುದು. ಮಳೆಗಾಲ ಕಳೆದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಹೊರಡುವುದು ಲೇಸು. ಮಧ್ಯಾಹ್ನದ ಕಡಲಗಾಳಿ ಬಹುಮಟ್ಟಿಗೆ ವಾಯವ್ಯದಿಂದ ಬೀಸಿ ಬೆನ್ನಿಗೆ ಆಸರೆಯಾಗುತ್ತದೆ.

66ನೆಯ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ಅಬ್ಬರದಲ್ಲಿ ದಿನವಿಡೀ ತುಳಿಯುವುದಕ್ಕಿಂತ, ಗೋಕರ್ಣದಿಂದ ತದಡಿಗೆ ಬಂದು, ತಾರಿಯಲ್ಲಿ ಅಘನಾಶಿನಿಯನ್ನು ದಾಟಿ, ಕುಮಟೆಯತ್ತ ಸಾಗುವ ಒಳದಾರಿಯೇ ನನ್ನ ಮಟ್ಟಿಗೆ ಶ್ರೇಷ್ಠವಾದುದು. ತಾರಿಯವನು ಸೈಕಲ್ಲಿಗೆ ಕೈ ನೀಡಿದರೆ ಸಂಕೋಚಪಡದೆ ಕೊಡಿರಿ. ಅಲೆಗೆ ತೂಗುವ ಹಲಗೆಯ ಮೇಲೆ ಅವನ ಕಾಲಿಗಿರುವ ಸ್ಥೈರ್ಯ ನಮ್ಮ ಕಾಲಿಗಿಲ್ಲ.

ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮನೆ ಅದುಮಿ ಹಿಡಿದರೆ ರಿಮ್ಮು ಕಾಯುತ್ತದೆ. ಹಿಡಿದು, ಬಿಟ್ಟು, ಪುನಃ ಹಿಡಿದು ಇಳಿಯತಕ್ಕದ್ದು. ತಿರುವಿನಲ್ಲಿ ಕೆಂಪು ಜಲ್ಲಿ ಚೆದುರಿರುವುದುಂಟು; ಆದ ಕಾರಣ, ವೇಗವನ್ನು ತಿರುವಿಗೆ ಮುನ್ನವೇ ತಗ್ಗಿಸಿರಿ. ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುವುದರಿಂದ, ಸಂಜೆ ಬಿಡಾರ ಸೇರಿದೊಡನೆ, ನಿಮ್ಮ ಸ್ನಾನಕ್ಕೂ ಮೊದಲು, ಅದನ್ನು ಒರೆಸಿ ಎಣ್ಣೆ ಬಿಡಿರಿ. ಬಾಯಾರಿಕೆಗೆ ಬಣ್ಣದ ಬಾಟಲಿಗಳು ಬೇಡ. ಬೆಲ್ಲ, ಚಿಟಿಕೆ ಉಪ್ಪು ಬೆರೆಸಿದ ಮುರುಗಲು ಪಾನಕವನ್ನು ಕೇಳಿ ಕುಡಿಯಿರಿ.