ಗಾಳಿ 33ಓ, 225ಓ?

ಗೆಳೆಯರೇ, ಪಂಕ್ಚರ್ ಅಂಗಡೀಲಿ ಬೈಕಿಗೆ ಗಾಳಿ ಹಾಕೋರು "28 ಹಾಕ್ಲಾ, 33 ಹಾಕ್ಲಾ?" ಅಂತ ಕೇಳ್ತಾರೆ. ನಮ್ಮ ಬೈಕಿನ ಮೇಲೆ ಅಂಟಿಸಿರೋ ಚೀಟೀಲಿ ಮಾತ್ರ ಮುಂದಿನ ಚಕ್ರಕ್ಕೆ 175, ಹಿಂದಿನದಕ್ಕೆ 225 ಎಂದು ಇದೆ. ಇಬ್ಬರೂ ಸರಿಯೇ. ಅಳತೆ ಬೇರೆ, ಅಷ್ಟೆ. ಒಂದರಿಂದ ಇನ್ನೊಂದಕ್ಕೆ ಹೋಗೋದು ಹೇಗೆ ಅಂತ ನೋಡೋಣ.

ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ಬೀಳುವ ಬಲವೇ ಒತ್ತಡ. ಅಂಗಡಿಯ 33 ಬ್ರಿಟಿಷ್ ಪದ್ಧತಿಯದು: ಒಂದು ಚದರ ಅಂಗುಲದ ಮೇಲೆ 33 ಪೌಂಡು. ಇದಕ್ಕೆ ಪಿ.ಎಸ್.ಐ. ಅಂತಾರೆ. ಚೀಟಿಯ 225 ಮೆಟ್ರಿಕ್ ಪದ್ಧತಿಯದು, ಕಿಲೋಪ್ಯಾಸ್ಕಲ್. ಒಂದು ಚದರ ಮೀಟರಿನ ಮೇಲೆ 1 ನ್ಯೂಟನ್ ಬಲ ಬಿದ್ದರೆ 1 ಪ್ಯಾಸ್ಕಲ್. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ (1623–1662) ನೆನಪಿಗೆ ಇಟ್ಟ ಹೆಸರು ಇದು.

ಬಾಯಿಪಾಠ ಬೇಡ, ಲೆಕ್ಕ ಮಾಡಿದರೆ ತಾನೇ ಬರುತ್ತದೆ:

1) 1 ಕೆ.ಜಿ. = 2.2046 ಪೌಂಡು.
2) 1 ಅಂಗುಲ = 2.54 ಸೆಂ.ಮೀ. ಆದ್ದರಿಂದ 1 ಚದರ ಅಂಗುಲ = 2.54 × 2.54 = 6.45 ಚದರ ಸೆಂ.ಮೀ. (ವರ್ಗ ಮಾಡೋದನ್ನ ಮರೀಬೇಡಿ!)
3) ಚದರ ಸೆಂ.ಮೀ.ಗೆ 1 ಕೆ.ಜಿ. ಭಾರ = 2.2046 × 6.45 = 14.22 ಪಿ.ಎಸ್.ಐ.
4) 1 ಕೆ.ಜಿ. ಭಾರ = 9.8 ನ್ಯೂಟನ್. ಒಂದು ಚದರ ಮೀಟರಿನಲ್ಲಿ 10,000 ಚದರ ಸೆಂ.ಮೀ. ಇವೆ. 9.8 × 10,000 = 98,000 ಪ್ಯಾಸ್ಕಲ್, ಅಂದರೆ 98 ಕಿಲೋಪ್ಯಾಸ್ಕಲ್.
5) 98 ÷ 14.22 = ಸುಮಾರು 6.9. ಅಂದರೆ 1 ಪಿ.ಎಸ್.ಐ. = 6.9 ಕಿಲೋಪ್ಯಾಸ್ಕಲ್.

ಈಗ ನಮ್ಮ ಚೀಟಿ ಓದೋಣ. 175 ÷ 6.9 = 25. 225 ÷ 6.9 = ಸುಮಾರು 33. ಅಂಗಡೀಲಿ ನಿಂತಾಗ ಪೆನ್ನು ಇಲ್ಲದಿದ್ದರೆ 7ರಿಂದ ಭಾಗಿಸಿ, ಸಾಕು. ಕೆಲವು ಮೀಟರಿನಲ್ಲಿ 'ಬಾರ್' ಅಂತ ಇರುತ್ತದೆ. 1 ಬಾರ್ = 100 ಕಿಲೋಪ್ಯಾಸ್ಕಲ್ = 14.5 ಪಿ.ಎಸ್.ಐ.

ಇದೆಲ್ಲಾ ಪರೀಕ್ಷೆಗೆ ಮಾತ್ರ ಅಲ್ಲ. ನಮ್ಮಪ್ಪ ದಿನಾ ಬೆಳಗ್ಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗ್ತಾರೆ. ಭಾರ ಹೇರಿದಾಗ ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕಗಳು ಬಾಗಿ ಬಾಗಿ ಬಿಸಿಯಾಗುತ್ತವೆ, ದಾರೀಲೇ ಸಿಡಿಯಬಹುದು. ಜಾಸ್ತಿಯಾದರೆ ಟೈರು ನೆಲಕ್ಕೆ ತಾಗುವ ಜಾಗ ಕಡಿಮೆಯಾಗಿ, ಒದ್ದೆ ರಸ್ತೇಲಿ ಜಾರುತ್ತದೆ. ಇನ್ನು 225 ಅನ್ನೋದನ್ನ ಪೌಂಡು ಅಂದುಕೊಂಡು ತುಂಬಲು ಹೋದರೆ? ಅದು 1,550 ಕಿಲೋಪ್ಯಾಸ್ಕಲ್! ಅಷ್ಟು ತುಂಬೋ ಮೊದಲೇ ಟೈರು ಒಡೆದು, ಹತ್ತಿರ ನಿಂತವರಿಗೆ ಪೆಟ್ಟಾಗುತ್ತದೆ. ಆದ್ದರಿಂದ ಅಂಕಿಯ ಜೊತೆ ಅದರ ಮಾನವನ್ನೂ ಕೇಳಿ ತಿಳಿದುಕೊಳ್ಳಿ. ನಮ್ಮಪ್ಪನಿಗೆ ನಾನು '25, 33' ಅಂತ ಚೀಟಿ ಬರೆದು ಜೇಬಿಗೆ ಹಾಕಿದ್ದೇನೆ. ನೀವೂ ನಿಮ್ಮ ಮನೆ ಗಾಡಿಗೆ ಬರೆದುಕೊಡಿ.

ನಿಮಗೊಂದು ಪ್ರಶ್ನೆ: ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ 101.3 ಕಿಲೋಪ್ಯಾಸ್ಕಲ್. ಪಿ.ಎಸ್.ಐ.ನಲ್ಲಿ ಎಷ್ಟು? ಅಷ್ಟು ಒತ್ತಡ ಸುತ್ತಲೂ ಇದ್ದರೂ, ಚಪ್ಪಟೆಯಾದ ಟೈರಿಗೆ ಮೀಟರು ಇಟ್ಟರೆ ಸೊನ್ನೆ ತೋರಿಸೋದು ಯಾಕೆ? ಉತ್ತರ ಮುಂದಿನ ಸಂಚಿಕೆಯಲ್ಲಿ.

— 9ನೇ ತರಗತಿ ವಿದ್ಯಾರ್ಥಿನಿ